ಮೂಲಂಗಿಗೆ ಗೌಟು

ಹೊದಿಕೆಯ ಅಂಚು ತಾಗಿದರೆ ಸಾಕು,
ಫ್ಯಾನಿನ ಗಾಳಿ ಇತ್ತ ತಿರುಗಿದರೂ ಸಾಕು,
ಬಲಗಾಲ ಹೆಬ್ಬೆರಳು ಮನೆ ತುಂಬ ಕೂಗುತ್ತದೆ.
ಸರಿಯಾಗಿ ರಾತ್ರಿ ಎರಡಕ್ಕೇ ಏಕೆ ಬರುತ್ತದೋ,
ಪೀಣ್ಯದ ಮೂರನೇ ಪಾಳಿಯವರ ಹಾಗೆ.

ಯೂರಿಕ್ ಆಸಿಡ್ ಒಂಬತ್ತು ದಾಟಿದೆ ಅಂದರು ಡಾಕ್ಟರು.
ರಕ್ತದಲ್ಲಿ ಕರಗದೆ ಮಿಕ್ಕದ್ದು
ಕೀಲಿನಲ್ಲಿ ಹರಳುಗಟ್ಟಿ ಕೂತಿದೆಯಂತೆ, ಸೂಜಿ ಸೂಜಿಯಾಗಿ.
ಹರಳು ನನಗೆ ಹೊಸದಲ್ಲ.
ಮೂವತ್ತೊಂದು ವರ್ಷ ನಿಕ್ಕಲ್ ತೊಟ್ಟಿಯ ಮುಂದೆ ನಿಂತವನು.
ಡಿಸೆಂಬರ್ ಬೆಳಿಗ್ಗೆ ಅದರ ಅಂಚಿಗೆ
ಹಸಿರು ಹರಳು ಕಟ್ಟಿರುತ್ತಿತ್ತು,
ಬಿಸಿನೀರು ಸುರಿದು ಕರಗಿಸುತ್ತಿದ್ದೆ.
ಕಾಲಿಗೂ ಹಾಗೇ ಆಗಬಾರದೇ?
ಆರು ಸಲದ ಪ್ಯಾಕೇಜಿಗೆ ದುಡ್ಡು ಕಟ್ಟಿಬಿಟ್ಟೆ.

ಮತ್ತಿಕೆರೆ. ಬೇಕರಿಯ ಮೇಲಿನ ಮಹಡಿ.
ಖಾರ ಬನ್ನಿನ ವಾಸನೆ ನನಗಿಂತ ಬೇಗ ಮೆಟ್ಟಿಲು ಹತ್ತುತ್ತದೆ.
ಸಗಾಯಮೇರಿ ನೀಲಿ ಟಬ್ಬಿಗೆ ಉಗುರುಬೆಚ್ಚನೆ ನೀರು ಹೊಯ್ದು
ಚಿಟಿಕೆ ಉಪ್ಪು ಹಾಕಿ
ಲೋಹದ ಸುರುಳಿ ಮುಳುಗಿಸಿ ಸ್ವಿಚ್ಚು ಒತ್ತಿದಳು.
"ಅರ್ಧ ಗಂಟೆ ಅಂಕಲ್, ಅಲ್ಲಾಡಬೇಡಿ."
ಮೊದಲು ಗುಳ್ಳೆ.
ಆಮೇಲೆ ಹಳದಿ, ಕಿತ್ತಳೆ,
ಆಮೇಲೆ ರಾಜಕಾಲುವೆಯ ಬಣ್ಣ, ಮೇಲೆ ನೊರೆ.
ಗೋಡೆಯ ಚಾರ್ಟಿನಲ್ಲಿ
ಕಂದು ಅಂದರೆ ಲಿವರ್, ಕಿತ್ತಳೆ ಅಂದರೆ ಕೀಲು.
"ನೋಡಿ, ಎಷ್ಟಿತ್ತು ಒಳಗೆ!"
ಪಕ್ಕದ ಕುರ್ಚಿಯ ಹೆಂಗಸು
ತನ್ನ ಟಬ್ಬನ್ನು ನನ್ನದಕ್ಕೆ ಹೋಲಿಸಿ
ಸ್ವಲ್ಪ ಪೆಚ್ಚಾದಳು.

ಆ ಬಣ್ಣ ನನಗೆ ಪರಿಚಯದ್ದು.
ತುಕ್ಕು ಹೆಸರು ಬದಲಿಸಿಕೊಂಡರೂ
ವಾಸನೆ ಬದಲಿಸಿಕೊಳ್ಳುವುದಿಲ್ಲ.

ಭಾನುವಾರ, ಲಗ್ಗೆರೆ ಮನೆಯ ತಾರಸಿ.
ಹಳೇ ಸ್ಕೂಟರಿನ ಬ್ಯಾಟರಿ, ಕಬ್ಬಿಣದ ಸರಳು, ಮೂರು ಬಕೆಟ್ಟು.
ಒಂದರಲ್ಲಿ ನನ್ನ ಕಾಲು.
ಒಂದರಲ್ಲಿ ಬರೀ ನೀರು.
ಇನ್ನೊಂದರಲ್ಲಿ ಮೂಲಂಗಿ,
ಬಿಳಿ, ದಪ್ಪ, ತುದಿಯಲ್ಲಿ ಬೆರಳಿನ ಹಾಗೆ ಕವಲು,
ಯಶವಂತಪುರದ ಮಾರ್ಕೆಟ್ಟಿನಲ್ಲಿ ಹುಡುಕಿ ಆರಿಸಿದ್ದು.
ಅರ್ಧ ಗಂಟೆಗೆ ಮೂರೂ ಕಂದು.
ಮೂಲಂಗಿಗೂ ಲಿವರ್ ತೊಂದರೆ.
ಬರೀ ನೀರಿಗೂ ಕೀಲುನೋವು.
ಪ್ಯಾರಪೆಟ್ಟಿನ ಆಚೆಯಿಂದ ಗಿರಿಯಮ್ಮ ಇಣುಕಿ
"ಏನ್ರೀ ಅದು, ಹುಳಿನಾ?" ಅಂದರು.

ಇದು ಕಾವೇರಿ ನೀರಿನ ಮಾತು.
ಬೋರ್‌ವೆಲ್ಲಿನದ್ದು ತುಂಬಿದೆ, ಹತ್ತೇ ನಿಮಿಷ.
ಅಂದರೆ ನಮ್ಮ ಬೀದಿಯವರು
ನಲ್ಲಿ ಬರುವ ಎರಡು ದಿನ ಆರೋಗ್ಯವಂತರು,
ಉಳಿದ ಐದು ದಿನ ರೋಗಿಷ್ಠರು.

ಮೂರನೇ ಸಲದ ಹೊತ್ತಿಗೆ ನೋವು ಇಳಿದದ್ದು ಸುಳ್ಳಲ್ಲ.
ಅದು ಹಾಗೇ, ಬಂದು ಹತ್ತು ದಿನಕ್ಕೆ ತಾನೇ ಹೋಗುತ್ತದೆ,
ಮತ್ತೆ ಬರುತ್ತದೆ ಅಂದಿದ್ದರು ಡಾಕ್ಟರು.
ಆರೂ ಮುಗಿಸಿ ರಕ್ತ ಕೊಟ್ಟೆ.
ಮೊದಲು ಒಂಬತ್ತು ಪಾಯಿಂಟ್ ಎರಡು,
ಈಗ ಒಂಬತ್ತು ಪಾಯಿಂಟ್ ಒಂದು.
ಬೆಳಿಗ್ಗೆ ನೀರು ಜಾಸ್ತಿ ಕುಡಿದಿರಾ, ಕೇಳಿದ ಲ್ಯಾಬಿನ ಹುಡುಗ.

ಮೂಲಂಗಿಯನ್ನು ಕವರಿನಲ್ಲಿ ಸುತ್ತಿ ಮತ್ತಿಕೆರೆಗೆ ಹೋದೆ.
ಬಕೆಟ್ಟಿನ ಕಥೆ ಪೂರ್ತಿ ಹೇಳಿದೆ.
ಅವಳು ಅದನ್ನು ಮಗುವಿನ ಹಾಗೆ ಎತ್ತಿ ನೋಡಿ ನಕ್ಕಳು.
"ದಿನಾ ಮಿಷನ್ ಚೆಕ್ ಮಾಡ್ತೀನಲ್ಲ ಅಂಕಲ್,
ಆಗ ಟಬ್ಬಲ್ಲಿ ಯಾರ ಕಾಲೂ ಇರಲ್ಲ."

ನಾನು ಆ ಸುರುಳಿ ಎತ್ತಿ ಬೆಳಕಿಗೆ ಹಿಡಿದೆ.
ಅರ್ಧಕ್ಕರ್ಧ ಸವೆದಿತ್ತು.
"ಇನ್ನು ಇಪ್ಪತ್ತು ಸಲ ಬರಬಹುದು ಅಷ್ಟೇ," ಅಂದೆ,
ಹಳೇ ಕಸುಬಿನ ಗತ್ತಿನಲ್ಲಿ.
ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು.

ಆಮೇಲೆ, ದುಡ್ಡಿಲ್ಲದೆ, ಟಬ್ಬಿಲ್ಲದೆ,
ಧೂಳಾಗಿದ್ದ ಕಾಲು ಒರೆಸಿದಳು,
ಬೆರಳ ಸಂದಿ ಸಂದಿಯಲ್ಲಿ,
ಆ ಒಂದನ್ನು ಮಾತ್ರ ಬಿಟ್ಟು.
ಡಾಕ್ಟರು ಮೇಜಿನಾಚೆಯಿಂದ ನೋಡಿದ ಕಾಲು ಅದು.

"ನಮ್ಮಪ್ಪಂಗೂ ಗೌಟು," ಅಂದಳು ಟವೆಲು ಹಿಂಡುತ್ತಾ.
"ಮಾತ್ರೆ ತಗೋತಾರೆ.
ಇಲ್ಲಿಗೆ ಕರ್ಕೊಂಡು ಬಂದಿಲ್ಲ."

ಮೆಟ್ಟಿಲು ಇಳಿದೆ, ಎಡಗಾಲು ಮೊದಲು.
ಕೆಳಗೆ ಬಿಸಿ ಬನ್ನು ಆಗಷ್ಟೇ ಬಂದಿತ್ತು.
ಎರಡು ಕಟ್ಟಿಸಿಕೊಂಡೆ,
ಪಕ್ಕದ ಮೆಡಿಕಲ್ಲಿನಲ್ಲಿ ಮೂವತ್ತು ಮಾತ್ರೆ.