ಚೀಟಿ ೨.೪-೭

ಜೆಪ್ಪುವಿನ ಬಾಡಿಗೆ ಮಾಳಿಗೆಯಲ್ಲಿ
ಮೇಜಿನ ಬಲಗಡೆ ಒಂದು ಬಾಲ್ದಿ. ಟಪ್.
ಅದಕ್ಕೂ ಪರದೆಗೂ ನಡುವೆ ನಾನು.
ಬೆಳಿಗ್ಗೆ ಐತಪ್ಪ ಏಣಿ ಹತ್ತಿ, ಹಂಚುಗಳನ್ನು ಒಂದೊಂದಾಗಿ ಎತ್ತಿ ನೋಡಿ
ಮೇಲಿಂದಲೇ ಹೇಳಿದ್ದ:
"ಒಡೆದದ್ದು ಮೂರೇ. ಆದರೆ ಈ ಅಚ್ಚು ಈಗ ಇಲ್ಲ ಮಾರಾಯ್ರೆ,
ಕಾರ್ಖಾನೆ ಮುಚ್ಚಿ ಎಷ್ಟೋ ಕಾಲ ಆಯ್ತು.
ಬೇರೆ ಹಂಚು ಇಟ್ಟರೆ ಕೂತುಕೊಳ್ತದೆ.
ಕಚ್ಚುವುದಿಲ್ಲ."

ಕೂತುಕೊಳ್ಳುವುದು, ಕಚ್ಚುವುದು:
ಮೂರು ವಾರದಿಂದ ಈ ವ್ಯತ್ಯಾಸದ ಜೊತೆಗೇ
ನನ್ನ ಹೆಣಗಾಟ.

ಹಗಲು ಸಹಕಾರಿ ಸಂಘದ ಲೆಕ್ಕ. ರಾತ್ರಿ
ಸಂಬಳವಿಲ್ಲದ ಈ ಕೆಲಸ, ಬೇರೆಯವರು ಬರೆದ ತಂತ್ರಾಂಶವನ್ನು
ಪೊಟ್ಟಣ ಕಟ್ಟುವುದು,
ಯಾವುದಕ್ಕೆ ಯಾವುದು ಬೇಕೆಂದು ಮೇಲೆ ಬರೆಯುವುದು.
ನನ್ನ ಪಾಲಿಗೆ ಬಂದವುಗಳಲ್ಲಿ ಸಣ್ಣದು 'ಚೀಟಿ'.
ಅಂಗೈಯಗಲದ ಕಾಗದದಲ್ಲಿ ಕನ್ನಡ ಮುದ್ರಿಸುತ್ತದೆ, ಅಷ್ಟೆ.
ಇಡೀ ಲೋಕದಲ್ಲಿ ಹನ್ನೊಂದು ಯಂತ್ರಗಳಲ್ಲಿ ಉಂಟು ಎನ್ನುತ್ತದೆ ಎಣಿಕೆ.
ಒಂದು ನನ್ನದು.
ಒಂದು ಧಕ್ಕೆಯ ಐಸ್ ಪ್ಲಾಂಟಿನಲ್ಲಿ, ನಫೀಸಾಳ ಕಿಟಕಿಯ ಹಿಂದೆ:
ಬೋಟಿನ ಹೆಸರು, ಐಸಿನ ತೂಕ, ಬಾಕಿ.
ಒಂಬತ್ತು ಎಲ್ಲಿವೆಯೋ.

ಚೀಟಿ ಒರಗಿ ನಿಂತ ಲೈಬ್ರರಿಗೆ ಈಗ ಮುದ್ರೆ ಬಿದ್ದಿದೆ.
ಆ ಮುದ್ರೆಗೊಂದು ಕನ್ನಡ ಹುಡುಕಿದೆ.
'ಸತ್ತಿದೆ' ಅಲ್ಲ, ಓಡುತ್ತದೆ.
'ಹಳತು' ಅಲ್ಲ, ಹಳತು ನಾವೆಲ್ಲ.
'ಉಂಟು, ಆದರೆ ನೆಚ್ಚಬೇಡಿ',
ಇಪ್ಪತ್ತೇಳನೇ ನಂಬರ್ ಬಸ್ಸಿನ ಹಿಂಬಾಗಿಲ ಸರಳಿನ ಹಾಗೆ.

ಬರೆದವನು ಯೋರಿಸ್, ಯಾವುದೋ ಚಳಿ ಸಮುದ್ರದ ದಡದವನು.
ಆರು ವರ್ಷದ ಹಿಂದೆ ಮೊದಲ ಕಡತದ ತಲೆಯಲ್ಲಿ ಎರಡು ಮಾತು:
ಕಣ್ಣು ಮಂದವಾಗಿದೆ. ಯಾರಾದರೂ ನೋಡಿಕೊಳ್ಳಿ.
ಯಾರೂ ನೋಡಿಕೊಳ್ಳಲಿಲ್ಲ. ನಾನೂ.
ನಾನು ಬರೀ ಉಪಯೋಗಿಸಿದೆ.

ಹಳೆಯದನ್ನೇ ಪೊಟ್ಟಣದೊಳಗೆ ಮಡಚಿ ಬಚ್ಚಿಡಬಹುದಿತ್ತು.
ನಿಯಮ ಬಿಡುವುದಿಲ್ಲ; ಬಿಟ್ಟರೂ, ಒಳಗೆ ತೂತು ಬಿದ್ದ ದಿನ
ಸೋರುವುದು ಎಲ್ಲಿಂದ ಎಂದು ಯಾರಿಗೂ ಕಾಣುವುದಿಲ್ಲ.
ಚೀಟಿಯನ್ನೇ ಕೈಬಿಡಬಹುದಿತ್ತು. ಹನ್ನೊಂದು ತಾನೆ.
ಐಸ್ ಪ್ಲಾಂಟಿಗೆ ಫೋನ್ ಮಾಡಿ ಹೇಳಿಯೂ ಹೇಳಿದೆ.
"ಎಂತಕ್ಕೆ?" ಎಂದಳು ನಫೀಸಾ. "ಸರಿಯಾಗಿ ಬರ್ತಾ ಉಂಟಲ್ಲ?"

ಸರಿಯಾಗಿ ಬರ್ತಾ ಉಂಟು.

ಹೊಸ ಲೈಬ್ರರಿಗೆ ಹೊಂದಿಸಲು ಕೂತೆ.
ಹತ್ತೊಂಬತ್ತು ಕಡೆ ತಿದ್ದಬೇಕು; ಹದಿನೆಂಟು ಸುಲಭ.
ಹತ್ತೊಂಬತ್ತನೆಯದು, ಒತ್ತಕ್ಷರಗಳಿಗಾಗಿ
ಸಾಲಿನ ಕೆಳಗೆ ಕೂದಲೆಳೆಯಷ್ಟು ಜಾಗ ಬಿಡುವುದು.
ಹೊಸದರಲ್ಲಿ ಅದಿಲ್ಲ.
ಲಕ್ಷ್ಮಿಯರ ಹೆಸರಿನ ಬೋಟುಗಳೆಲ್ಲ
ಕಾಲು ಕತ್ತರಿಸಿಕೊಂಡು ಹೊರಬಿದ್ದವು.

ಕನ್ನಡದ ಗಂಧವಿಲ್ಲದ ಯೋರಿಸ್ ಇದನ್ನು ಯಾಕೆ ಬರೆದಿದ್ದ?
ಪಕ್ಕದಲ್ಲೇ ಅವನ ಟಿಪ್ಪಣಿ:
'ಸಾಲಿನ ಕೆಳಗೂ ಅಕ್ಷರಗಳು ವಾಸವಾಗಿರುವ ಊರುಗಳಿಗೆ.'

ಆ ನಲವತ್ತು ಸಾಲನ್ನು ನಾನೇ ಬರೆದೆ, ಅವನದನ್ನು ನೋಡಿ ನೋಡಿ.
ಹಕ್ಕಿನ ಕಡತದಲ್ಲಿ ಅವನ ಹೆಸರು ಮೇಲೆ,
ನನ್ನದು ಕೆಳಗೆ, ಒತ್ತಿನ ಹಾಗೆ.

ರಾತ್ರಿ ಎರಡೂವರೆಗೆ ಎಲ್ಲ ಕಡೆ ಹಸಿರು.
ಆಮೇಲೆ ಪಟ್ಟಿ ಕಂಡಿತು:
ಯೋರಿಸನ ಲೈಬ್ರರಿ ಯಾರು ಯಾರಿಗೆ ಬೇಕು?
ಖಾಲಿ.
ಚೀಟಿಯೇ ಕೊನೆಯದಾಗಿತ್ತು. ಒರಗಿದವರೇ
ಅದನ್ನು ಬೀಳದಂತೆ ಹಿಡಿದಿದ್ದದ್ದು.
'ಇದನ್ನು ತೆಗೆದುಹಾಕಿ' ಎಂಬ ಅರ್ಜಿಯನ್ನೂ ನಾನೇ ಹಾಕಬೇಕು,
ಕಾರಣಕ್ಕೆ ಒಂದು ಸಾಲಿನ ಜಾಗ.
ಬೆರಳು ಏಳಲಿಲ್ಲ. ಬಾಲ್ದಿ ತುಂಬಿತ್ತು.

ಬೆಳಗಾದ ಮೇಲೆ ಐತಪ್ಪ ಮೂರು ಹಂಚಿಗಾಗಿ
ಆ ಇಡೀ ಮಗ್ಗುಲನ್ನೇ ಇಳಿಸಿದ. ಹೊಸದಕ್ಕೆ ಹೊಸದೇ ಕಚ್ಚಬೇಕಲ್ಲ.
ಒಡೆಯದವನ್ನು ಗೋಡೆಗೆ ಒರಗಿಸಿ, "ಇದು ನಿಮಗೆ ಬೇಕಾ?" ಎಂದ.
ಒಂದರ ಬೆನ್ನಿನ ಪಾಚಿ ಕೆರೆದೆ: ಅರ್ಧ ಅಳಿದ ಅಚ್ಚಿನ ಹೆಸರು,
ಅಂಚಿನಲ್ಲಿ, ಮಣ್ಣು ಹಸಿಯಿದ್ದಾಗಿನ
ಯಾರದೋ ಹೆಬ್ಬೆರಳು.

ಅದನ್ನು ನೀರಿನ ಮೀಟರಿಗೆ ಮುಚ್ಚಿದೆ.
ಮೇಲೆ ಹೋಗಿ ಕಾರಣದ ಜಾಗದಲ್ಲಿ ಬರೆದೆ:
ಈಗ ಯಾರೂ ಒರಗಿಲ್ಲ.
ಇಷ್ಟು ದಿನ ಒರಗಿದ್ದೆವು.