ಮಸಿ

ಬೆಳಗಿನ ನಾಲ್ಕೂಕಾಲು, ಬಿಲ್ಲಿಂಗ್‌ಹ್ಯಾಮ್.
ಟೀಸ್ ನದಿಯ ಮೇಲಿನ ಮಂಜು ಇನ್ನೂ ಎದ್ದಿಲ್ಲ.
ಕಡಲ ತಳ ಬಿಟ್ಟು ಬಂದ ಅನಿಲ
ಇಲ್ಲಿ ಪಾಲಾಗುತ್ತದೆ.
ಸುಡುವುದಿಲ್ಲ, ಗಾಳಿ ಸೋಕಿಸುವುದಿಲ್ಲ,
ಬರೀ ಕಾಯಿಸಿ ಕಾಯಿಸಿ
ಒಂದು ಇಂಗಾಲ, ನಾಲ್ಕು ಜಲಜನಕ
ಒಟ್ಟಿಗೆ ಬಾಳಲಾರೆವು ಅನ್ನುವ ತನಕ.

ಹಗುರದ್ದು ಮೇಲಿನ ಕೊಳವೆ ಹಿಡಿದು
ಹೇಳದೆ ಹೊರಟುಬಿಡುತ್ತದೆ.
ಅದಕ್ಕೆ ಲಾರಿ ಕಾದಿದೆ, ಕುಲುಮೆ ಕಾದಿದೆ,
ಮಂತ್ರಿಗಳ ಭಾಷಣ ಕಾದಿದೆ.
ಭಾರದ್ದು ಉದುರುತ್ತದೆ ಚೀಲಕ್ಕೆ, ಮಸಿಯಾಗಿ,
ಸದ್ದಿಲ್ಲದೆ, ರಾಗಿಹಿಟ್ಟಿಗಿಂತ ನುಣ್ಣಗೆ.
ಟನ್ನಿಗೊಂದು ಚೀಲ. ಬಾಯಿ ಹೊಲಿದು, ಚೀಟಿ ಅಂಟಿಸಿ
ಟೈರಿನ ಕಾರ್ಖಾನೆಗೆ.

ಹೋದ ಶನಿವಾರ ಊರವರಿಗೆ ಬಾಗಿಲು ತೆರೆದಿದ್ದೆವು.
ಎಡ್ನಾ ಸ್ಟೋಬರ್ಟ್ ಬಂದಿದ್ದಳು, ಎಂಬತ್ತೊಂದು,
ಮರಿಮಗನ ಕೈ ಹಿಡಿದು.
ಅಪ್ಪ ಕೋಕ್ ಒಲೆಯಲ್ಲಿದ್ದನಂತೆ.
ಅಮ್ಮ ಹಿತ್ತಲಿಗೆ ಬಂದು, ಬೆರಳು ಎಂಜಲು ಮಾಡಿ ಎತ್ತಿ
ಗಾಳಿ ಯಾವ ಕಡೆಯದೆಂದು ನೋಡಿಯೇ
ಬಟ್ಟೆ ಹರವುತ್ತಿದ್ದಳಂತೆ;
ಆದರೂ ಸೋಮವಾರ ಒಗೆದ ಬೆಡ್‌ಶೀಟು
ಮಂಗಳವಾರ ಮತ್ತೆ ನೀರಿಗೆ.

ತಟ್ಟೆಯಲ್ಲಿಟ್ಟ ಮಾದರಿಗೆ ಬೆರಳದ್ದಿ
"ಇದೇನಾ? ಆಗೆಲ್ಲ ಪುಕ್ಕಟೆ ಮನೆಗೇ ಬರುತ್ತಿತ್ತು" ಅಂದಳು.
ಮರಿಮಗನ ಕೆನ್ನೆಗೊಂದು ಬೊಟ್ಟಿಟ್ಟಳು,
ದೃಷ್ಟಿ ತಾಗದಿರಲೆಂದಲ್ಲ,
ಬೆರಳು ಒರೆಸಿಕೊಳ್ಳಲು.
ಆಮೇಲೆ ಕೇಳಿದಳು:
"ಎಲ್ಲಾ ಚೀಲಕ್ಕೇ ಬೀಳುತ್ತಾ?"

ನಕ್ಷೆ ತೋರಿಸುತ್ತಿದ್ದ ಹುಡುಗ ಕ್ರಿಸ್ಪಿನ್ ಹೌದೆಂದ.
ನಾನು ನನ್ನ ಬಕೆಟ್ಟು ನೋಡಿದೆ.

ಆ ಪ್ರಶ್ನೆಯೇ ನನ್ನ ಕೂಲಿ.
ಸೋರುವುದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ;
ಹೊಗೆಯಾದರೂ ಬೈಗುಳಕ್ಕೆ ಸಿಗುತ್ತಿತ್ತು.
ಬಾವಿಯಿಂದ ಇಲ್ಲಿಯವರೆಗೆ ಎಷ್ಟು ಕೀಲೋ, ಎಷ್ಟು ಬಾಯೋ,
ಸಮುದ್ರದಡಿಯದು ನನ್ನ ಪಾಲಿಗಿಲ್ಲ.
ನನಗೆ ನಾನೂರ ಹನ್ನೆರಡು ಜೋಡಣೆ,
ಒಂದು ಕುಂಚ, ಸೋಪಿನ ನೀರು.
ಕ್ಯಾಮೆರಾ ಇದೆ, ಹೌದು. ಮಂಜಿನಲ್ಲಿ ಅದು ತಡವರಿಸುತ್ತದೆ.

ಇನ್ನೂರ ಹದಿನೇಳನೆಯದರಲ್ಲಿ ಈಗ
ಸಾಸಿವೆಯಷ್ಟು ಗುಳ್ಳೆ.
ನೋಡುತ್ತಿದ್ದ ಹಾಗೆ ಕಡಲೆ, ನೋಡುತ್ತಿದ್ದ ಹಾಗೆ ನೆಲ್ಲಿ,
ದೀಪದ ಬಣ್ಣಗಳನ್ನೆಲ್ಲ ಮೈಗೆ ಸುತ್ತಿಕೊಂಡು,
ಚೆಂದವೇ ಚೆಂದ.

ಸ್ಪ್ಯಾನರ್ ಹಾಕಿ ಕಾಲು ಸುತ್ತು ಬಿಗಿದೆ.
ನೊರೆ ಒರೆಸಿ, ಮತ್ತೆ ಹಚ್ಚಿ
ಉಸಿರು ಹಿಡಿದು ಕೂತೆ.