ಕಂದೀಲು ಆರುವ ಆಳ

ಮೊದಲು ಕಂದೀಲು ಇಳಿಯಬೇಕು, ಆಮೇಲೆ ಮನುಷ್ಯ.
ನಾನು ಕಲಿತ ವಿದ್ಯೆ ಇಷ್ಟೇ.
ನಲವತ್ತು ವರ್ಷ, ನೂರಾ ಹದಿನಾರು ಬಾವಿ,
ನಿಟ್ಟೂರಿನಿಂದ ಸಂಪೆಕಟ್ಟೆಯವರೆಗೆ.

ಹತ್ತು ಕೋಲು ಇಳಿದು
ಜಂಬಿಟ್ಟಿಗೆ ಮುಗಿದು ಜೇಡಿ ಸಿಗುವ ಹೊತ್ತಿಗೆ
ಬತ್ತಿ ತಲೆ ತಗ್ಗಿಸುತ್ತದೆ,
ದೊಡ್ಡವರು ಯಾರೋ ಎದುರು ಬಂದ ಹಾಗೆ.
ಗಾಳಿ ಇಲ್ಲ ಅಂತಲ್ಲ. ಇದೆ, ಭಾರವಾಗಿ ಇದೆ.
ಯಾರೋ ಉಸಿರಾಡಿ ಬಿಟ್ಟ ಗಾಳಿ.

ಬೂದ್ಯಪ್ಪ ಒಂದು ದಿನ ಕಂದೀಲು ಮರೆತ.
ಅಷ್ಟೇ ಹೇಳುತ್ತೇನೆ.

ಹೋಳಿ ಮುಗಿದ ವಾರ ಗಂಗೊಳ್ಳಿಯಿಂದ ಒಬ್ಬಳು ಬಂದಳು,
ರೇಷ್ಮಾ ಖಾರ್ವಿ. ಬೆನ್ನಿಗೆ ಬಾಟಲಿಗಳ ಚೀಲ,
ಘಾಟಿಯ ಬಸ್ಸಿಗೆ ಹೊಟ್ಟೆ ತೊಳಸಿ ಮುಖ ಬಾಡಿತ್ತು.
"ಬಾವಿಯ ನೀರು ಬೇಡ ಅಜ್ಜ, ಬಾವಿಗೆ ಬರುವ ನೀರು ಬೇಕು,
ಗಾಳಿ ಮುಟ್ಟುವ ಮೊದಲು."
ಖುಷಿಯಾಯಿತು. ಆ ವ್ಯತ್ಯಾಸ ಗೊತ್ತಿದ್ದವನು
ನಾನೊಬ್ಬನೇ ಅಂದುಕೊಂಡಿದ್ದೆ.

ಸೆಲೆಯ ಬಾಯಿಗೆ ಕೊಳವೆ ಕೊಟ್ಟೆ.
ಒಂದು ಗುಳ್ಳೆಯೂ ಏಳದ ಹಾಗೆ ತುಂಬಿ ಬಿಗಿದಳು.
ಇನ್ನೊಂದು ಶೀಷೆಗೆ ಏನೋ ಮದ್ದು, ಆಮೇಲೆ ಕ್ಷಾರದ ಹನಿ.
ತಿಳಿನೀರು ತಿಳಿಯಾಗಿಯೇ ಇತ್ತು.
ಮತ್ತೊಂದು ಹನಿ. ಮತ್ತೊಂದು.
ಎಣಿಕೆ ತಪ್ಪಿದ ಮೇಲೆ
ಮುಳುಗಿದ ಸೂರ್ಯ ಬಿಟ್ಟುಹೋಗುವಷ್ಟು ಗುಲಾಬಿ.
"ಎಷ್ಟೊಂದು ಉಸಿರು ಬಿಗಿಹಿಡಿದಿದೆ ಇದು!"

ಬೇರು ಉಸಿರಾಡುತ್ತದಂತೆ. ಕೊಳೆಯುವ ಎಲೆ, ಎರೆಹುಳು,
ಕಣ್ಣಿಗೆ ಬೀಳದ ಕೋಟಿ ಜೀವ ಬಿಟ್ಟದ್ದನ್ನೆಲ್ಲ
ಮಳೆ ಕುಡಿದುಕೊಂಡು ಕೆಳಗಿಳಿಯುತ್ತದಂತೆ.
ಸುಣ್ಣಕಲ್ಲಿನ ನಾಡಾದರೆ ದಾರಿಯಲ್ಲೇ ಸಾಲ ತೀರುತ್ತಿತ್ತು.
ನಮ್ಮದು ಜಂಬಿಟ್ಟಿಗೆ, ಕೊಡಲು ಏನೂ ಇಲ್ಲದ ಕಲ್ಲು,
ಹುಳಿಯಾಗಿಯೇ ಸಾಗುತ್ತದೆ.
ಹೊಳೆ ಸೇರಿದ ನೀರು ಬಂಡೆಗೆ ಬಡಿದು, ಹಾರಿ, ಉಸಿರು ಬಿಡುತ್ತದೆ.
ಮಣ್ಣಡಿ ಹೋದದ್ದು ಬಿಡುವುದಿಲ್ಲ,
ಕಟ್ಟಿಕೊಂಡೇ ಹೋಗಿ, ಇಳಿತದ ಹೊತ್ತಿಗೆ
ಸಮುದ್ರದ ಹೊಟ್ಟೆಯಡಿ
ಮೆಲ್ಲಗೆ.

"ನದಿಗೆ ಹೆಸರಿದೆ, ಸೇತುವೆ ಇದೆ, ಅಳತೆಯ ಪಟ್ಟಿ ಇದೆ.
ಇದಕ್ಕೆ ಬಾಯಿಯೇ ಇಲ್ಲ, ಮರಳಿನುದ್ದಕ್ಕೂ ಬೆವರು."
ಅವಳ ಅಮ್ಮ ಕಪ್ಪೆಚಿಪ್ಪು ಹೆಕ್ಕುವಾಗ
ಅಂಗಾಲಿಗೆ ತಣ್ಣಗಾದ ಕಡೆ ನಿಲ್ಲುತ್ತಿರಲಿಲ್ಲವಂತೆ:
ಅಲ್ಲಿಯದು ತೆಳು,
ಉಗುರು ಒತ್ತಿದರೆ ಪುಡಿ.

ನಾನು ಎಲೆ ಮಡಿಸುತ್ತಿದ್ದೆ. ಕೈ ನಿಂತಿತು.
ಡಬ್ಬಿಯಲ್ಲಿದ್ದುದು ಕೆಳಗಿನ ಸುಣ್ಣ,
ಚಿಪ್ಪು ಸುಟ್ಟು ಘಾಟಿ ಹತ್ತಿ ಬಂದದ್ದು.
ಹೊಸ ಬಾವಿಗೂ ಒಂದು ಬುಟ್ಟಿ ಅದನ್ನೇ ಸುರಿಯುತ್ತೇವೆ,
ನೀರಿನ ಹುಳಿ ಮುರಿಯಲಿ ಅಂತ.
ಅಂದರೆ ಅಲ್ಲಿಯ ಚಿಪ್ಪು ಇಲ್ಲಿ ಕರಗಿ,
ಇಲ್ಲಿಯ ಹುಳಿ ಅಲ್ಲಿ ಚಿಪ್ಪನ್ನು...
ಲೆಕ್ಕ ಪೂರ್ತಿ ಕೈಗೆ ಸಿಗಲಿಲ್ಲ.

"ಹಾಗಾದರೆ ತಪ್ಪು ನಮ್ಮ ನೀರಿನದಾ?"
ನಕ್ಕಳು. "ಈ ಹನಿ ಅಲ್ಲಿಗೆ ಮುಟ್ಟುತ್ತದೆಂದು ಯಾರು ಹೇಳಬಲ್ಲರು?
ಮುಟ್ಟಿದರೂ ಇಪ್ಪತ್ತು ವರ್ಷವೋ, ನೂರೋ.
ಅದು ಮೊದಲಿಂದಲೂ ಹೋಗುತ್ತಲೇ ಇತ್ತು,
ಸಮುದ್ರ ತಾಳಿಕೊಂಡಿತ್ತು.
ಈಗ ಮೇಲಿನಿಂದ ನಮ್ಮ ಹೊಗೆಯೂ ಇಳಿಯುತ್ತಿದೆ.
ಯಾವ ಕಡೆಯದು ಎಷ್ಟು ಎಂದು
ಬೇರೆ ಬೇರೆ ಬರೆಯುವುದಷ್ಟೇ ನನ್ನ ಕೆಲಸ."

ಕೊನೆಯ ಬಸ್ಸಿಗೆ ಹೋದಳು,
ಚೀಲವನ್ನು ತೊಡೆಯ ಮೇಲೆ ಕೂರಿಸಿಕೊಂಡು.

ನಾನು ಸಮುದ್ರ ಕಂಡವನಲ್ಲ.
ಕೊಡಚಾದ್ರಿಯ ತುದಿಯಿಂದ ಒಮ್ಮೆ ತೋರಿಸಿದ್ದರು,
ಒಂದು ಬೆಳ್ಳಗಿನ ಗೆರೆ. ಮೋಡ ಅಂದಿದ್ದೆ.
ಈಗ ನಿದ್ದೆ ಹತ್ತದ ರಾತ್ರಿ ಬೆರಳು ಮಡಿಸುತ್ತೇನೆ:
ಬೂದ್ಯಪ್ಪ ಕೊನೆಗೆ ಬಿಟ್ಟ ಉಸಿರು
ಆ ನೀರಲ್ಲಿ ಕರಗಿ ಹೊರಟು ಎಷ್ಟಾಯಿತು?
ಹದಿನೇಳು.
ಘಾಟಿ ಇಳಿದಿರಬಹುದು.

ಬೆಳಿಗ್ಗೆ ಇನ್ನೊಂದು ಬಾವಿ.
ಹಗ್ಗಕ್ಕೆ ಕಂದೀಲು ಕಟ್ಟಿಟ್ಟಿದ್ದೇನೆ.